ಡಬ್ಬಿಯಲ್ಲಿ ಬಂದ ಹೆಸರು

ದರ್ಶನ, ಅದ್ಭುತ, ಕನಸಿನಲ್ಲಿ ಬಂದ ಮಾತು, ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಹೀಗೆಂದರೆ ನಿಮಗೆ ನಗು ಬರಬಹುದು, ಏಕೆಂದರೆ ನಾನು ಓದಿದ್ದೇ ದೇವರ ಕೆಲಸದ ಓದು. ಜೊತೆಯವರು ಬಿ.ಎ., ಬಿ.ಕಾಂ. ಎಂದು ಮಡಿಕೇರಿ, ಮೈಸೂರಿನ ಕಾಲೇಜುಗಳಿಗೆ ಹೋದಾಗ ನಾನು ಕೊಡಗಿನ ಒಂದು ಚಿಕ್ಕ ಬೈಬಲ್ ಕಾಲೇಜಿನಲ್ಲಿ ಮಿಷನ್ ಸೇವೆಯ ಪದವಿಗೆ ಸೇರಿದೆ. ಅಲ್ಲಿ ಪ್ರತಿ ಶುಕ್ರವಾರ ಸಂಜೆ ಸಾಕ್ಷಿ ಹೇಳುವ ಪದ್ಧತಿಯಿತ್ತು. ಒಬ್ಬೊಬ್ಬರಾಗಿ ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬೇಕು. ಒಬ್ಬನಿಗೆ ಲಾರಿ ಗುದ್ದಿದರೂ ಗೀರು ಕೂಡ ಬಿದ್ದಿರಲಿಲ್ಲ. ಇನ್ನೊಬ್ಬನ ಅಜ್ಜಿಯ ಕನಸಿನಲ್ಲಿ ಬಿಳಿ ಬಟ್ಟೆಯವರು ಬಂದು ಮಾತ್ರೆಯ ಹೆಸರು ಹೇಳಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು, ಹೋದ ವರ್ಷ ಈ ಲಾರಿ ಬರೀ ಜೀಪಾಗಿತ್ತಲ್ಲ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ.

ಹಾಗಾಗಿ ಈಗ ನಾನು ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ. ಕಥೆ ಕಟ್ಟುವುದೇ ಆಗಿದ್ದರೆ ನನ್ನನ್ನು ಇನ್ನೂ ಸ್ವಲ್ಪ ಚೆನ್ನಾಗಿ ಕಟ್ಟಿಕೊಳ್ಳುತ್ತಿದ್ದೆ.

ನಮ್ಮೂರು ಶಿರಂಗಾಲದ ಕಡೆ. ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಜೋಳ, ಶುಂಠಿ ಬೆಳೆಯುತ್ತ ನೆಲೆನಿಂತವರು. ಅಪ್ಪನಿಗೆ ಸಭೆಯ ಪಾದ್ರಿಯಾಗುವ ಆಸೆಯಿತ್ತು, ಓದಲು ಆಗಲಿಲ್ಲ. ಆ ಆಸೆಯನ್ನು ನನ್ನ ತಲೆಗೆ ಕಟ್ಟಿದ್ದರು. ಹಾಸ್ಟೆಲಿನಲ್ಲಿ ನಮ್ಮ ಮೊಬೈಲುಗಳನ್ನು ವಾರವಿಡೀ ಆಫೀಸಿನ ಕಪಾಟಿನಲ್ಲಿಟ್ಟು ಶನಿವಾರ ಸಂಜೆ ಮಾತ್ರ ಕೊಡುತ್ತಿದ್ದರು. ಕೈಗೆ ಬಂದ ಕೂಡಲೇ ಅಪ್ಪನ ಫೋನು. "ಸೀಟಿಂದು ಏನಾಯ್ತು ಮಗಾ? ಪ್ರಿನ್ಸಿಪಾಲ್ ಅಯ್ನೋರು ಏನಾದ್ರೂ ಅಂದ್ರಾ?"

ಆ ಸೀಟು ಎಂದರೆ ಇದು. ಮೂರನೆಯ ವರ್ಷ ಮುಗಿಸುವವರಲ್ಲಿ ಒಬ್ಬರನ್ನು ಮಾತ್ರ ನಮ್ಮ ಕಾಲೇಜು ದೊಡ್ಡ ಊರಿನ ಕಾಲೇಜಿಗೆ ಮುಂದಿನ ಪದವಿಗೆ ಕಳಿಸುತ್ತಿತ್ತು. ಓದು, ಊಟ, ವಸತಿ ಎಲ್ಲ ಅವರದೇ. ಉಳಿದವರು ಯಾವುದಾದರೂ ಸಭೆಯಲ್ಲಿ ಸಹಾಯಕರಾಗಿ ಬೆಂಚು ಒರೆಸುತ್ತ ವರ್ಷಗಟ್ಟಲೆ ಕಾಯಬೇಕು. ಗ್ರೀಕ್ ಭಾಷೆಯಲ್ಲಿ, ಸಭಾ ಚರಿತ್ರೆಯಲ್ಲಿ ನಾನೇ ಮುಂದಿದ್ದೆ. ಆ ಸೀಟು ನನ್ನದೇ ಎಂದುಕೊಂಡು ಒಂದು ವರ್ಷ ನೆಮ್ಮದಿಯಾಗಿ ಕಳೆದೆ. ಆಮೇಲೆ ಜೆಬರಾಜ ನನ್ನ ಕಣ್ಣಿಗೆ ಬೀಳಲು ಶುರುವಾದ.

ಜೆಬ ನನಗಿಂತ ಎರಡು ವರ್ಷ ಚಿಕ್ಕವನು. ನೆಲ್ಯಹುದಿಕೇರಿಯ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ ಬೆಳೆದವನು. ತಾಯಿ ಎಸ್ತರಮ್ಮ ಅಲ್ಲೇ ಕೂಲಿ ಕೆಲಸದಲ್ಲಿದ್ದರು, ತಂದೆ ಇರಲಿಲ್ಲ. ಮನೆಯಲ್ಲಿ ತಮಿಳು, ಲೈನಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಸಾಹುಕಾರರ ಮನೆಯ ಅಡಿಗೆಕೋಣೆಯಲ್ಲಿ ಕೊಡವ ಭಾಷೆ. ಯಾವುದನ್ನೂ ಕಲಿಯದೆ ಎಲ್ಲವನ್ನೂ ಮಾತಾಡುತ್ತಿದ್ದ. ಗ್ರೀಕಿನಲ್ಲಿ ಅವನು ಪಾಸಾಗಿದ್ದೇ ನನ್ನ ನೋಟ್ಸಿನಿಂದ. ಆದರೆ ಪ್ರಸಂಗಕ್ಕೆ ನಿಂತನೆಂದರೆ ತೂಕಡಿಸುವ ಮುದುಕಿಯರೂ ತಲೆ ಎತ್ತುತ್ತಿದ್ದರು. ನಾನು ಮೂರು ದಿನ ಕೂತು ಬರೆದು, ಬಾಯಿಪಾಠ ಮಾಡಿ ಹೇಳಿದ್ದಕ್ಕೆ ಪ್ರಿನ್ಸಿಪಾಲ್ ಅಯ್ಯನವರು "ಚೆನ್ನಾಗಿ ತಯಾರಿ ಮಾಡಿದ್ದೀಯ" ಎನ್ನುತ್ತಿದ್ದರು. ಜೆಬ ಹೇಳಿ ಮುಗಿಸಿದರೆ ಏನೂ ಹೇಳದೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಆ ಕನ್ನಡಕ ಒರೆಸುವುದನ್ನು ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಬೇರೆ ಶಬ್ದ ಬಳಸಿ ಮುಚ್ಚಿಡುವುದಿಲ್ಲ, ಅದು ಹೊಟ್ಟೆಕಿಚ್ಚೇ. ಅವನ ನಗು, ಅವನ ಹರಿದ ಚಪ್ಪಲಿ, ಅನ್ನಕ್ಕೆ ಹುಳಿ ಕಲಸುವ ರೀತಿ ಸಹ ನನಗೆ ಸೇರುತ್ತಿರಲಿಲ್ಲ.

ಈಗ ಡಬ್ಬಿಯ ವಿಷಯ. ನಮ್ಮ ಕಾಲೇಜಿನಲ್ಲಿ ಜೂನ್ ತಿಂಗಳ ಮೊದಲ ಆರಾಧನೆಯ ದಿನ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಸುತ್ತಲೂ ಕೊಡುತ್ತಿದ್ದರು. ಅದರೊಳಗೆ ಎಲ್ಲ ವಿದ್ಯಾರ್ಥಿಗಳ ಹೆಸರಿನ ಚೀಟಿಗಳು. ಪ್ರತಿಯೊಬ್ಬರೂ ಒಂದು ಚೀಟಿ ಎತ್ತಬೇಕು. ಬಂದ ಹೆಸರು ಯಾರದೋ ಅವರಿಗಾಗಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮಾಡಬೇಕು, ಆದರೆ ಯಾರಿಗೂ ಹೇಳಬಾರದು. ಕ್ರಿಸ್ಮಸ್ ರಜೆಗೆ ಮುಂಚಿನ ಕೊನೆಯ ಆರಾಧನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮೊಣಕಾಲೂರಿದಾಗ ಒಬ್ಬೊಬ್ಬರೇ ಎದ್ದು ತಮ್ಮ ಡಬ್ಬಿ ಹೆಸರಿನವರ ಹಿಂದೆ ನಿಂತು ತಲೆಯ ಮೇಲೆ ಕೈ ಇಡಬೇಕು. ಆಗ ಅವರು ತಿರುಗಿ ನೋಡಬಹುದು. ಅಷ್ಟು ದಿನ ತನಗಾಗಿ ಬೇಡಿಕೊಂಡವರು ಯಾರೆಂದು ಅಂದು ಗೊತ್ತಾಗುತ್ತದೆ. ಅಳು, ನಗು, ಅಪ್ಪುಗೆ ಎಲ್ಲ ಆಗುತ್ತಿತ್ತು.

ಮೂರನೆಯ ವರ್ಷ ನಾನು ಎತ್ತಿದ ಚೀಟಿಯಲ್ಲಿ ಜೆಬರಾಜ ಎಂದಿತ್ತು.

ಮೊದಲ ಬೆಳಿಗ್ಗೆ ಕಣ್ಣು ಮುಚ್ಚಿ ಅವನ ಹೆಸರು ಹೇಳಿದೆ. ಮುಂದಕ್ಕೆ ಮಾತೇ ಬರಲಿಲ್ಲ. ಎರಡನೆಯ ದಿನ, ಇವನ ಗಂಟಲು ಕಟ್ಟಿಹೋಗಲಿ ಎಂದು ಕೇಳಿಕೊಂಡೆ. ಹೌದು, ಮಿಷನ್ ಸೇವೆಯ ಪದವಿಗೆ ಓದುತ್ತಿದ್ದವನು ಹಾಗೆ ಕೇಳಿಕೊಂಡೆ. ಮೂರನೆಯ ದಿನದಿಂದ ಅದೂ ಇಲ್ಲ. ಬೆಳಿಗ್ಗೆ ಐದೂವರೆಗೆ ಮೌನ ಪ್ರಾರ್ಥನೆಯ ಗಂಟೆ ಬಾರಿಸುತ್ತಿತ್ತು. ಕೆಲವರು ಆರಾಧನಾಲಯಕ್ಕೆ ಹೋಗುತ್ತಿದ್ದರು, ಕೆಲವರು ಕಾಫಿ ಗಿಡಗಳ ನಡುವಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಕೋಣೆಯಲ್ಲೇ ಮಾಡುತ್ತೇವೆ ಎಂದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ನಾನು ಕಂಬಳಿ ಹೊದ್ದು, ಮುಖದ ಮೇಲೆ ಪುಸ್ತಕ ಕವುಚಿಕೊಂಡು ಆರೂಕಾಲಿನವರೆಗೆ ನಿದ್ದೆ ಮಾಡುತ್ತಿದ್ದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ನಾನು ಅವನಿಗಾಗಿ ಒಂದು ದಿನವೂ ಪ್ರಾರ್ಥನೆ ಮಾಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ತಿಂಗಳುಗಳಲ್ಲಿ ಕೆಲವು ಸಣ್ಣ ಸಂಗತಿಗಳು ನಡೆದವು. ಆಗ ನಾನು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜುಲೈ ಕೊನೆಯ ಹೊತ್ತಿಗೆ ಜೆಬ ನನ್ನೊಂದಿಗೆ ನಡೆದುಕೊಳ್ಳುವ ರೀತಿ ಬದಲಾಯಿತು. ಊಟಕ್ಕೆ ಕೂತರೆ ತನ್ನ ಪಾಲಿನ ಮೊಟ್ಟೆಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ಮರೆತು ಬಂದ ಬಟ್ಟೆಯನ್ನು ಮಳೆ ಬರುವ ಮೊದಲು ತೆಗೆದು ಮಡಿಸಿ ಇಟ್ಟಿರುತ್ತಿದ್ದ. ಎಲ್ಲರ ಮುಂದೆ ದೊಡ್ಡವನಾಗಲು ಆಡುವ ನಾಟಕ ಎಂದುಕೊಂಡು ನಾನು ಇನ್ನಷ್ಟು ಉರಿದುಬಿದ್ದೆ. ಅಡಿಗೆಯ ಮಲಯಾಳಿ ಅಕ್ಕ ಅಣ್ಣಮ್ಮ ಚೇಚಿ ಒಂದು ದಿನ ನನಗೆ, "ಮೋನೆ, ಬೆಳಗ್ಗೆ ಆ ಮಂಜಲ್ಲಿ ದಿನಾ ಹೋಗ್ತೀಯಲ್ಲಾ, ಇಲ್ಲಿ ಬಂದು ಒಂದು ಗ್ಲಾಸ್ ಹಾಲಿಲ್ಲದ ಕಟ್ಟನ್ ಕಾಪಿ ಕುಡಿದು ಹೋಗು, ಒಲೆ ಹಚ್ಚಿರ್ತೀನಿ" ಎಂದರು. ಚೇಚಿಗೆ ಕಣ್ಣು ಮಂದ, ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ ಎಂದು ಸುಮ್ಮನಾದೆ. ಒಳ್ಳೆಯ ಹೆಸರು ಬರುವುದಾದರೆ ಬರಲಿ, ನಾನೇಕೆ ಬೇಡವೆನ್ನಲಿ?

ಭಾನುವಾರಗಳಂದು ನಮಗೆ ಸೇವೆಯ ಪ್ರಾಯೋಗಿಕ ಕೆಲಸ ಇರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಸಭೆ. ಆರಾಧನೆ ಮುಗಿದ ಮೇಲೆ ಆ ಸಭೆಯ ಕಾಯಿಲೆಯವರ, ವಯಸ್ಸಾದವರ ಮನೆಗಳಿಗೆ ಹೋಗಿ ಪ್ರಾರ್ಥಿಸಿ, ಸಂಜೆ ಬಂದು ವರದಿಯ ಹಾಳೆ ತುಂಬಬೇಕು. ಎಷ್ಟು ಮನೆ, ಯಾರ ಮನೆ, ಎಷ್ಟು ಹೊತ್ತು. ಮೂರನೆಯ ವರ್ಷದ ಈ ಹಾಳೆಗಳು ಸರಿಯಿಲ್ಲದಿದ್ದರೆ ಪದವಿಯೇ ಇಲ್ಲ. ಜೆಬನಿಗೆ ಅವನ ಊರಿನ ಸಭೆಯೇ ಸಿಕ್ಕಿತ್ತು. ಅವನ ಹಾಳೆಗಳಲ್ಲಿ ಯಾವಾಗಲೂ ಏಳೆಂಟು ಮನೆ. ನನ್ನದರಲ್ಲಿ ಮೂರು ದಾಟುತ್ತಿರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ನನ್ನ ಆರಾಧನೆ ಬೇಗ ಮುಗಿಯಿತು. ಅವನು ಅದೇನು ಮಾಡಿ ಜನರನ್ನು ಹಿಡಿದಿಟ್ಟುಕೊಳ್ಳುತ್ತಾನೋ ನೋಡಿಯೇ ಬಿಡೋಣ ಎಂದು ಬಸ್ಸು ಹತ್ತಿ ನೆಲ್ಯಹುದಿಕೇರಿಯಲ್ಲಿ ಇಳಿದೆ. ಲೈನ್ ಮನೆಗಳ ಬಾಗಿಲುಗಳಿಗೆ ಬೀಗ. ಅರೇಬಿಕಾ ಕಾಫಿ ಹಣ್ಣಾಗಿತ್ತು, ಭಾನುವಾರವೂ ಪಿಕ್ಕಿಂಗ್ ನಡೆಯುತ್ತಿತ್ತು. ಮಾತು ಕೇಳಿಬಂದ ಕಡೆ ಹೋದೆ. ಇಳಿಜಾರಿನ ಮೇಲಿನ ಸಾಲಿನಲ್ಲಿ ಜೆಬ ಸೊಂಟಕ್ಕೆ ಚೀಲ ಕಟ್ಟಿ, ತಲೆಗೆ ತಾಯಿಯ ಹಳೆಯ ಟವೆಲ್ ಸುತ್ತಿ ಕಾಫಿ ಹಣ್ಣು ಬಿಡಿಸುತ್ತಿದ್ದ. ಕೆಳಗೆ ಎಸ್ತರಮ್ಮ ಕಾಲು ನೀಡಿ ಕೂತು ಹಣ್ಣಿನಿಂದ ಎಲೆ, ಕಡ್ಡಿ ಆರಿಸುತ್ತಿದ್ದರು. ಅವರ ಎರಡು ಮಂಡಿಯೂ ಊದಿಕೊಂಡಿದ್ದವು. ಸೀಸನ್ನಿನಲ್ಲಿ ಹಣ್ಣು ಬಿಡಿಸಲಾಗದವರಿಗೆ ಲೈನ್ ಮನೆ ಉಳಿಯುವುದಿಲ್ಲ. ತಾಯಿಯ ಸಾಲನ್ನು ಮಗ ಬಿಡಿಸುತ್ತಿದ್ದ, ಅಷ್ಟೇ. ಆದರೆ ವರದಿಯ ಹಾಳೆಯಲ್ಲಿ ಏಳು ಮನೆ.

ಅವನು ನನ್ನನ್ನು ನೋಡಿ ಇಳಿದು ಬಂದ. ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ಅಯ್ಯನವರಿಗೆ ಹೇಳ್ಬೇಡಿ. ಪಿಕ್ಕಿಂಗ್ ಮುಗಿಯೋ ತನಕ ಅಷ್ಟೇ. ಆಮೇಲೆ ನಾನೇ ಹೋಗಿ ಹೇಳ್ತೀನಿ."

"ನಾನ್ಯಾಕೋ ಹೇಳ್ಲಿ?" ಎಂದೆ. ನನ್ನ ದನಿ ಎಷ್ಟು ಮೆತ್ತಗಿತ್ತೆಂದು ಈಗಲೂ ನೆನಪಿದೆ.

ಎಸ್ತರಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಲೋಟ ತೆಗೆದುಕೊಳ್ಳಲು ಎಡಗೈ ಚಾಚಿದೆ. ನನ್ನ ಎಡಗೈಯ ತೋರುಬೆರಳಿಗೆ ತುದಿಯಿಲ್ಲ. ಚಿಕ್ಕವನಿದ್ದಾಗ ದನಗಳಿಗೆ ಜೋಳದ ದಂಟು ಕತ್ತರಿಸುವ ಮೆಷಿನ್ನಿಗೆ ಕೊಟ್ಟುಬಂದದ್ದು. ಎಸ್ತರಮ್ಮ ಆ ಬೆರಳನ್ನು ನೋಡಿದರು. ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡು ತಮ್ಮ ಎರಡು ಕಣ್ಣಿಗೂ ಒತ್ತಿಕೊಂಡರು. "ಇದೇನಾ ತಂಬಿ ಆ ಕೈ?" ಎಂದರು. "ಅಮ್ಮಾ, ಸುಮ್ನಿರು, ಹೇಳ್ಬಾರ್ದು" ಎಂದು ಜೆಬ ಗದರಿದ. ನನಗೆ ಏನೂ ಅರ್ಥವಾಗಲಿಲ್ಲ. ಬೆರಳಿಲ್ಲದವನೆಂದು ಮರುಕಪಡುತ್ತಿದ್ದಾರೆ ಎಂದುಕೊಂಡೆ. ಮರುಕ ನನಗೆ ಆಗದ ವಸ್ತು, ಕೈ ಎಳೆದುಕೊಂಡೆ.

ಹಾಸ್ಟೆಲಿಗೆ ಮರಳುವ ಬಸ್ಸಿನಲ್ಲೇ ನನ್ನ ಮನಸ್ಸು ಕಾಗದ ಬರೆಯತೊಡಗಿತ್ತು. ಆದರೂ ಹಾಳೆಗೆ ಇಳಿಸಲು ನಾಲ್ಕು ದಿನ ಬೇಕಾಯಿತು. ಜೆಬರಾಜನ ವರದಿಗಳು ಸುಳ್ಳು, ಭಾನುವಾರ ಅವನು ಎಲ್ಲಿರುತ್ತಾನೆಂದು ವಿಚಾರಿಸಿ ನೋಡಿ ಎಂದು ನಾಲ್ಕೇ ಸಾಲು. ತಾಯಿಯ ಮಂಡಿಯ ವಿಷಯ ಬರೆಯಲಿಲ್ಲ. ಅಕ್ಷರಗಳನ್ನು ಸ್ವಲ್ಪ ಬಾಗಿಸಿ ಬರೆದು, ಕೆಳಗೆ ಹೆಸರು ಹಾಕದೆ "ಹಿತೈಷಿ" ಎಂದು ಸೇರಿಸಿದೆ.

ಶುಕ್ರವಾರ ಬೆಳಿಗ್ಗೆ ಗಂಟೆ ಬಾರಿಸಿ ಎಲ್ಲರೂ ತಮ್ಮ ತಮ್ಮ ಜಾಗ ಸೇರಿದ ಮೇಲೆ ಎದ್ದೆ. ಸ್ವೆಟರ್ ತೊಟ್ಟು, ಕಾಗದ ಜೇಬಿಗಿಟ್ಟು ಹೊರಟೆ. ಆ ಸ್ವೆಟರಿನ ಬಗ್ಗೆ ಹೇಳಬೇಕು. ಕುಶಾಲನಗರದ ರಸ್ತೆಬದಿಯಲ್ಲಿ ಕೊಂಡ ಬೂದು ಬಣ್ಣದ್ದು. ಎಡ ಮೊಣಕೈಯಲ್ಲಿ ಹರಿದಾಗ ಅಮ್ಮ ಬೂದು ಉಲ್ಲನ್ ಸಿಗದೆ ಹಸಿರು ಉಲ್ಲನ್‌ನಿಂದ ಹೆಣೆದು ಮುಚ್ಚಿದ್ದರು. ಅಂಥ ಇನ್ನೊಂದು ಸ್ವೆಟರ್ ಲೋಕದಲ್ಲಿ ಇರಲಾರದು.

ನಮ್ಮ ಆರಾಧನಾಲಯ ಹಿಂದೆ ಎಸ್ಟೇಟಿನ ಕಾಫಿ ಗೋಡೌನ್ ಆಗಿತ್ತು. ಕಿಟಕಿಗಳಿಗೆ ಗಾಜಿಲ್ಲ, ಕಬ್ಬಿಣದ ಜಾಲರಿ. ಆಫೀಸಿಗೆ ಹೋಗಬೇಕಾದರೆ ಅದರ ಪಕ್ಕದಲ್ಲೇ ಹೋಗಬೇಕು. ಆಗಲೇ ಸ್ವಲ್ಪ ಬೆಳಕಾಗುತ್ತಿತ್ತು, ಮಂಜು ಮಾತ್ರ ನೆಲದವರೆಗೆ ಇಳಿದಿತ್ತು. ಒಳಗೆ ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಜೆಬ ಇದ್ದಾನೋ ಇಲ್ಲವೋ ಎಂದು ಜಾಲರಿಯ ಹತ್ತಿರ ಹೋಗಿ ಇಣುಕಿದೆ.

ಜೆಬ ಎದುರಿನ ಸಾಲಿನಲ್ಲಿ ತಲೆ ಬಾಗಿಸಿ ಮೊಣಕಾಲೂರಿದ್ದ. ಅವನ ಹಿಂದೆ ಒಬ್ಬ ನಿಂತಿದ್ದ. ನಿಂತವನ ಬೆನ್ನು ನನ್ನ ಕಡೆಗಿತ್ತು. ಎಡಗೈಯನ್ನು ಜೆಬನ ತಲೆಯ ಮೇಲೆ ಇಟ್ಟಿದ್ದ.

ನಮ್ಮ ಬೆನ್ನನ್ನು ನಾವು ನೋಡಿರುವುದಿಲ್ಲ. ಹಾಗಾಗಿ ಮೊದಲು ನನಗೆ ಗುರುತು ಸಿಗಲಿಲ್ಲ. ಎಡ ಭುಜ ಅಪ್ಪನದರಂತೆಯೇ ಬಲಭುಜಕ್ಕಿಂತ ಇಳಿದಿದೆಯಲ್ಲ, ಅಪ್ಪ ಇಲ್ಲಿಗೆ ಹೇಗೆ ಬಂದರು ಎಂದುಕೊಂಡೆ. ಆಮೇಲೆ ಮೊಣಕೈಯ ಹಸಿರು ಉಲ್ಲನ್ ಕಾಣಿಸಿತು. ನಾನು ನನ್ನ ಮೊಣಕೈಯನ್ನು ಮುಟ್ಟಿಕೊಂಡೆ. ಅಲ್ಲಿ ನನ್ನ ಸ್ವೆಟರಿನಲ್ಲಿ ಹಸಿರು ಉಲ್ಲನ್ನಿನ ಗಂಟು ಇತ್ತು. ಒಳಗೆ ಜೆಬನ ಕಪ್ಪು ಕೂದಲಿನ ಮೇಲೆ ನಾಲ್ಕು ಬೆರಳು ಉದ್ದ, ಒಂದು ಗಿಡ್ಡ.

ಕೂಗಬೇಕೆಂದರೆ ಗಂಟಲು ಕಟ್ಟಿತ್ತು, ನಾನು ಅವನಿಗೆ ಬೇಡಿಕೊಂಡಿದ್ದು ನನಗೇ ಬಂದಿತ್ತು. ನಿಂತವನು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದ. ಕೆನ್ನೆ, ಮೂಗು, ಅಲುಗುತ್ತಿರುವ ತುಟಿ ಕಾಣಿಸಿದವು. ಅದು ನನ್ನ ಮುಖವೇ. ಆದರೆ ಅಷ್ಟು ಮೃದುವಾದ ಮುಖ ನನಗೆ ಇದೆಯೆಂದು ಯಾವ ಕನ್ನಡಿಯೂ ನನಗೆ ತೋರಿಸಿರಲಿಲ್ಲ. ಕಣ್ಣಿನ ಕೆಳಗೆ ಒದ್ದೆಯಾಗಿತ್ತು. ಅವನು ನನ್ನನ್ನು ನೋಡಲಿಲ್ಲ. ನಾನೊಬ್ಬ ಕಿಟಕಿಯಲ್ಲಿ ಇದ್ದೇನೆಂಬುದೇ ಅವನಿಗೆ ಮುಖ್ಯವಾಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಯಾರಾದರೂ ಏನು ಮಾಡುತ್ತಾರೆ? ಓಡಿಹೋಗುತ್ತಾರೆ, ಇಲ್ಲವೆ ಕುಸಿದು ಕೂತು ಅಳುತ್ತಾರೆ. ಸಾಕ್ಷಿಯ ಗಂಟೆಯಲ್ಲಿ ಹೇಳಲು ತಕ್ಕ ಮನುಷ್ಯನಾಗಿದ್ದರೆ ನಾನು ಅಲ್ಲೇ ಕಾಗದ ಹರಿದು ಹಾಕುತ್ತಿದ್ದೆ. ನನಗೆ ಬಂದದ್ದು ಕೋಪ. ಊರವರೆಲ್ಲ ಅವನ ಕಡೆ, ಅಯ್ಯನವರು ಅವನ ಕಡೆ, ಈಗ ನನ್ನ ಕೈ ಸಹ ನನ್ನನ್ನು ಬಿಟ್ಟು ಅವನ ಕಡೆ ಹೋಯಿತಲ್ಲ! ಹೀಗೇ ಯೋಚಿಸಿದೆ, ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಫೀಸಿನವರೆಗೆ ನಡೆದು ಬಾಗಿಲ ಅಡಿಯಿಂದ ಕಾಗದ ತಳ್ಳಿದೆ.

ವಾಪಸ್ಸು ಬರುವಾಗ ಒಳಗೆ ಜೆಬ ಒಬ್ಬನೇ ಇದ್ದ. ಹೊರಗೆ ಬಂದು ನನ್ನನ್ನು ನೋಡಿ ನಕ್ಕು, ನಿಯಮ ನೆನಪಾದವನಂತೆ ಬೇಗ ಮುಖ ತಿರುಗಿಸಿಕೊಂಡ.

ಅಂದೇ ಮಧ್ಯಾಹ್ನ ಅವನನ್ನು ಆಫೀಸಿಗೆ ಕರೆಸಿದರು. ಅವನು ಏನನ್ನೂ ಮುಚ್ಚಿಡಲಿಲ್ಲವಂತೆ. ಹೊರಗೆ ಹಾಕಲಿಲ್ಲ, ಆದರೆ ಆ ಅವಧಿಯ ಪ್ರಾಯೋಗಿಕ ಕೆಲಸ ರದ್ದಾಯಿತು, ಮತ್ತೆ ಮೊದಲಿನಿಂದ ಮಾಡಬೇಕು. ಸೀಟಿನ ಮಾತು ಅಲ್ಲಿಗೆ ಮುಗಿಯಿತು. ರಾತ್ರಿ ಊಟದಲ್ಲಿ ಅವನು ಎಂದಿನಂತೆ ಅರ್ಧ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿದ. ನಾನು ಅದನ್ನು ತಿಂದೆ.

ಭಾನುವಾರ ಸಂಜೆ ಕೊನೆಯ ಆರಾಧನೆ. ಎಲ್ಲರೂ ಮೊಣಕಾಲೂರಿದರು. ನನ್ನ ಸರದಿ ಬಂದಾಗ ಬೇರೆ ದಾರಿಯಿಲ್ಲದೆ ಎದ್ದು ಜೆಬನ ಹಿಂದೆ ಹೋಗಿ ನಿಂತೆ. ಬಲಗೈ ಎತ್ತಿದೆ. ಏಕೋ ಅದನ್ನು ಇಳಿಸಿ ಎಡಗೈ ಇಟ್ಟೆ. ಅವನು ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಎಲ್ಲರಿಗೂ ಕೇಳುವಂತೆ ಹೇಳಿದ.

"ಯಾರು ಅಂತ ನಂಗೆ ಜುಲೈನಿಂದಾನೇ ಗೊತ್ತು. ದಿನಾ ಬೆಳಗ್ಗೆ ಬಂದು ತಲೆ ಮೇಲೆ ಕೈ ಇಡ್ತಿದ್ರು. ನೋಡ್ಬಾರ್ದು ಅಂತ ನಾನು ಕಣ್ಣು ಬಿಡ್ಲಿಲ್ಲ. ಆದ್ರೆ ಈ ಬೆರಳು ಗೊತ್ತಾಗಲ್ವಾ? ನಿನ್ನೆನೂ ಬಂದ್ರು. ನನ್ ತಪ್ಪು ಎಲ್ಲರಿಗೂ ಗೊತ್ತಾದ್ಮೇಲೂ ಬಂದ್ರು. ಇಲ್ದಿದ್ರೆ ನಾನು ಶುಕ್ರವಾರವೇ ಗಂಟುಮೂಟೆ ಕಟ್ತಿದ್ದೆ."

ಯಾರೋ ಬಿಕ್ಕಿದರು. ಹಿಂದೆ ನಿಂತಿದ್ದ ಅಣ್ಣಮ್ಮ ಚೇಚಿ, "ಹೌದು ಅಯ್ಯಾ, ನಾನೂ ದಿನಾ ನೋಡ್ತಿದ್ದೆ" ಎಂದರು. ಪ್ರಿನ್ಸಿಪಾಲ್ ಅಯ್ಯನವರು ಕನ್ನಡಕ ತೆಗೆದರು. ಅಷ್ಟು ದಿನ ನಾನು ಕಾಯುತ್ತಿದ್ದದ್ದು ಅದಕ್ಕೇ, ಅಂದು ನನಗಾಗಿ ತೆಗೆದು ಒರೆಸಿಕೊಂಡರು. ತನ್ನೊಂದಿಗೆ ಪೈಪೋಟಿಗೆ ನಿಂತವನಿಗಾಗಿ ಆರು ತಿಂಗಳು ಮಂಜಿನಲ್ಲಿ ಎದ್ದು ಬಂದು ಬೇಡಿಕೊಂಡವನಿಗಿಂತ ಯಾರನ್ನು ಕಳಿಸಲಿ ಎಂದರು. ಸೀಟು ನನ್ನದಾಯಿತು. "ಅಲ್ಲ, ಅದು ನಾನಲ್ಲ" ಎಂಬ ಮೂರು ಶಬ್ದ ನನ್ನ ನಾಲಿಗೆಯ ಮೇಲೇ ಇದ್ದವು. ನಾನು ಬಾಯಿ ಬಿಡಲಿಲ್ಲ. ರಜೆಗೆಂದು ಆ ಸಂಜೆಯೇ ಮೊಬೈಲು ಕೊಟ್ಟಿದ್ದರು, ಅಪ್ಪ ಫೋನಿನಲ್ಲಿ ಅತ್ತರು.

ಜೆಬ ಕ್ರಿಸ್ಮಸ್ ರಜೆಗೆ ಹೋದವನು ಮರಳಲಿಲ್ಲ. ಪಿಕ್ಕಿಂಗ್ ಮುಗಿದಿರಲಿಲ್ಲ, ತಾಯಿಯ ಮಂಡಿ ಇನ್ನೂ ಕೆಟ್ಟಿತ್ತು. ಪದವಿ ಅಲ್ಲಿಗೇ ನಿಂತಿತು.

ಇದೆಲ್ಲ ಆಗಿ ಹಲವು ವರ್ಷಗಳಾದವು. ಈಗ ನನ್ನ ಹೆಸರಿನ ಮುಂದೆ ಎರಡು ಪದವಿಗಳಿವೆ. ಇಂಥದೇ ಇನ್ನೊಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ಬೆಳಗಿಗೆ ಕಾರಣ ಹುಡುಕಿ ಸೋತಿದ್ದೇನೆ. ನಿದ್ದೆಯಲ್ಲಿ ನಡೆಯುವ ರೋಗವಿತ್ತೇ ಎಂದರೆ, ಚೇಚಿ ನೋಡಿದ್ದಕ್ಕೆ ಅದು ಸಾಕು, ಆದರೆ ನಾನು ಎಚ್ಚರವಾಗಿ ಕಿಟಕಿಯ ಹೊರಗೆ ನಿಂತಿದ್ದೆನಲ್ಲ. ತಪ್ಪು ಮಾಡಲು ಹೊರಟ ಮನಸ್ಸು ಕಣ್ಣಿಗೆ ಕಟ್ಟಿದ ಭ್ರಮೆ ಎಂದರೆ, ಜುಲೈನಿಂದ ಜೆಬನ ತಲೆಯ ಮೇಲೆ ಕೂತ ಕೈ ಯಾರದು? ಯಾರೋ ಬೆರಳು ಮಡಿಸಿ ತಮಾಷೆ ಮಾಡಿದರೆಂದರೆ, ಆರು ತಿಂಗಳು ದಿನಾ ಬೆಳಿಗ್ಗೆ ಎದ್ದು ತಮಾಷೆ ಮಾಡುವಷ್ಟು ಶ್ರದ್ಧೆ ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಇರಲಿಲ್ಲ.

ಹೋದ ಡಿಸೆಂಬರಿನಲ್ಲಿ ಧೈರ್ಯ ಮಾಡಿ ನೆಲ್ಯಹುದಿಕೇರಿಗೆ ಹೋದೆ. ಹಿಂದಿನ ರಾತ್ರಿ ಕುಶಾಲನಗರದ ಲಾಡ್ಜಿನಲ್ಲಿ ಉಳಿದು, ತಡವಾಗಿ ಎದ್ದು, ಮಧ್ಯಾಹ್ನದ ಬಸ್ಸು ಹಿಡಿದೆ. ಜೆಬ ಈಗ ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತಕ್ಕಡಿಯ ಪಕ್ಕ ಪುಸ್ತಕ ಹಿಡಿದು ನಿಂತಿದ್ದ, ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು. ಭಾನುವಾರ ಸಂಜೆ ಲೈನಿನಲ್ಲಿ ಅವನೇ ಪ್ರಾರ್ಥನೆ ನಡೆಸುತ್ತಾನಂತೆ, ಕೂರಲು ಜಾಗ ಸಾಲುವುದಿಲ್ಲವಂತೆ. ಎಸ್ತರಮ್ಮ ಬಾಗಿಲಲ್ಲಿ ಕೂತಿದ್ದರು. ಹಣ್ಣಿನ ತೂಕ ಮುಗಿಯುವವರೆಗೆ ಕಾದು, ಅವನನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ.

"ಜೆಬ, ಆ ಕಾಗದ ಬರೆದವನು ನಾನು."

"ಗೊತ್ತು ಅಣ್ಣ" ಎಂದ. "ಅಯ್ಯನವರು ನನ್ ಮುಂದೆನೇ ಇಟ್ಟಿದ್ರು. ಮೂರು ವರ್ಷ ನಿಮ್ ನೋಟ್ಸ್ ನೋಡಿ ಓದಿದೋನು, ನಿಮ್ ಅಕ್ಷರ ಗೊತ್ತಾಗಲ್ವಾ?"

"ಗೊತ್ತಿದ್ದೂ ಅವತ್ತು ಎಲ್ಲರ ಮುಂದೆ ಹಾಗೆ ಹೇಳಿದೆಯಲ್ಲೋ!"

"ಬರೆದಿದ್ದು ಬಲಗೈ, ಅಲ್ವಾ ಅಣ್ಣ. ನನ್ ತಲೆ ಮೇಲಿದ್ದಿದ್ದು ಎಡಗೈ. ಬಿಡಿ ಅದನ್ನ." ಅವನು ನಕ್ಕ. ನಗು ಹಾಗೇ ಇತ್ತು.

"ಜೆಬ, ಆ ಎಡಗೈಯೂ ನನ್ನದಲ್ಲ. ನಾನು ಒಂದು ದಿನವೂ ಬಂದಿಲ್ಲ. ಮಲಗಿರ್ತಿದ್ದೆ. ಆಣೆ ಮಾಡಿ ಹೇಳ್ತೀನಿ."

ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನನ್ನ ಎಡಗೈಯನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ತಕ್ಕಡಿಯ ಹತ್ತಿರ ನಿಂತ ಹೆಂಗಸರು ಮಾತು ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ಕಣ್ಣು ಬಿಟ್ಟಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಹೌದು ಅಣ್ಣ, ಇದು ಬೇರೆ" ಎಂದ ಮೆಲ್ಲಗೆ. "ಅದು ಬಿಸಿ ಇರತ್ತೆ. ಇವತ್ತು ಬೆಳಗ್ಗೆನೂ ಹಂಗೇ ಇತ್ತು."

ಇವತ್ತು ಬೆಳಿಗ್ಗೆ! ಆ ಹೊತ್ತಿಗೆ ನಾನು ಲಾಡ್ಜಿನಲ್ಲಿ ಮಲಗಿದ್ದೆ. ಕಾಫಿ ಕುಡಿದು, ಎಸ್ತರಮ್ಮನಿಗೆ ಹೇಳಿ, ಸಂಜೆಯ ಬಸ್ಸು ಹತ್ತಿದೆ.

ಅಂದಿನಿಂದ ನಾನು ಐದೂವರೆಗೆ ಏಳುತ್ತೇನೆ. ಬಾಗಿಲಿನ ಚಿಲಕ ತೆಗೆದಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಮೊಣಕಾಲೂರಿ ಕಣ್ಣು ಮುಚ್ಚುತ್ತೇನೆ. ನನ್ನ ಹೊಟ್ಟೆಕಿಚ್ಚು ಹೋಗಿದೆಯೆಂದು ನಿಮಗೆ ಅನ್ನಿಸಬಹುದು. ಇಲ್ಲ. ನನ್ನ ಸ್ವೆಟರ್ ತೊಟ್ಟು, ನನ್ನ ಮುಖ ಇಟ್ಟುಕೊಂಡು, ನನಗೆ ಎಂದೂ ಬಾರದ ಪ್ರೀತಿಯನ್ನು ಅಷ್ಟು ಸುಲಭವಾಗಿ ಮಾಡಿದವನ ಮೇಲೆ ಈಗ ಅದೆಲ್ಲ ತಿರುಗಿಕೊಂಡಿದೆ. ಅವನು ಯಾರೆಂದು ನನಗೆ ಗೊತ್ತಿಲ್ಲ. ಇಷ್ಟು ದೂರದ ನೆಲ್ಯಹುದಿಕೇರಿಯವರೆಗೆ ಹೋಗುತ್ತಾನೆ. ನನ್ನ ತಲೆಯ ಮೇಲೆ ಮಾತ್ರ ಆ ಕೈ ಒಂದು ದಿನವೂ ಬಂದು ಕೂತಿಲ್ಲ.